ಜಿಲೋಲಾಳ ರೊಟ್ಟಿ

ಜಿಲೋಲಾ ತನ್ನ ರೊಟ್ಟಿಯನ್ನು ತಂದೂರಿನಿಂದ ತೆಗೆದ ಗಳಿಗೆಯಲ್ಲೇ ಕಾರ್ಮಿಕ ಇಲಾಖೆಯ ಅಧಿಕಾರಿ ಅಂಗಡಿಯೊಳಕ್ಕೆ ಕಾಲಿಟ್ಟ. ಹುಡುಗಿಯ ಮೊಣಕೈವರೆಗೂ ಹಿಟ್ಟು.

"ಇವಳ್ಯಾರಕ್ಕಾ?"

"ನಮ್ಮಣ್ಣನ ಮಗಳು. ಗಡಿಯಾಚೆ ಅಂದಿಜಾನಿಂದ ಅಲ್ಮಾಟಿ ನೋಡೋಕೆ ಬಂದಿದಾಳೆ," ಎಂದಳು ರೊಟ್ಟಿ ಅಂಗಡಿಯ ಒಡತಿ ಖೊಸಿಯತ್. ತಾನೂ ಒಂದು ರೊಟ್ಟಿ ಮಾಡುತ್ತೇನೆಂದು ರಜೆಯುದ್ದಕ್ಕೂ ಕಾಡಿ ಬೇಡಿದ್ದ ಹುಡುಗಿಗೆ, ನಾಳೆ ಹೊರಡುತ್ತಾಳಲ್ಲ ಎಂದು ಇವತ್ತೊಂದು ಉಂಡೆ ಹಿಟ್ಟು ಕೊಟ್ಟಿದ್ದಳು, ಅಷ್ಟೆ.

"ಅಲ್ಮಾಟಿ ಏನು ತಂದೂರಿನೊಳಗಿದೆಯಾ? ನೋಡೋಕೆ ಬಂದೋರು ದುಡಿಯೋ ಹಾಗಿಲ್ಲ. ನಿಮ್ಮ ಅಂಗಡಿಗೆ ಬೀಗ ಬೀಳುತ್ತೆ, ಇವಳನ್ನ ಮತ್ತೆ ಗಡಿ ದಾಟೋಕೆ ಬಿಡಲ್ಲ." ಅವನು ಪೆನ್ನು ತೆಗೆದ. "ಈ ರೊಟ್ಟಿ ಮಾರೋದಕ್ಕೆ ತಾನೆ?"

ಅತ್ತೆ ಬಾಯಿ ತೆರೆಯುವ ಮೊದಲೇ ಜಿಲೋಲಾ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ, ಅಂಚನ್ನು ಗಬಕ್ಕನೆ ಕಚ್ಚಿದಳು. ಬಿಸಿಗೆ ಕಣ್ಣಲ್ಲಿ ನೀರು ಬಂದರೂ ಅಗಿದು ನುಂಗಿ, ಉಳಿದದ್ದನ್ನು ಅತ್ತೆಯ ಕೈಗಿಟ್ಟಳು.

"ನಾಳೆ ಹೊರಡ್ತೀನಲ್ಲ ಅತ್ತೆ, ಇದನ್ನ ಗೋಡೆಗೆ ತೂಗುಹಾಕಿ. ಮುಂದಿನ ಬೇಸಿಗೆಗೆ ಬಂದು ಮಿಕ್ಕಿದ್ದು ತಿಂತೀನಿ." ಆಮೇಲೆ ಅಧಿಕಾರಿಯತ್ತ ತಿರುಗಿದಳು. "ಕಚ್ಚಿದ ರೊಟ್ಟೀನ ಯಾರು ಕೊಳ್ತಾರೆ ಮಾಮ?"

ಅವನು ಆ ಹಲ್ಲಿನ ಗುರುತನ್ನೇ ನೋಡುತ್ತ ನಿಂತ. ತಾನು ಸೇನೆಗೆ ಹೊರಟ ದಿನ, ಮಗ ಮರಳಿ ಬರಲೆಂದು ತಾಯಿ ಕಚ್ಚಿಸಿದ ರೊಟ್ಟಿಯೂ, ತಾನು ಮನೆಗೆ ಮರಳುವವರೆಗೆ, ಹೀಗೇ ಗೋಡೆಯ ಮೇಲೆ ಕಾದಿತ್ತು. ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಸ್ಟೂಲು ಎಳೆದು ಹತ್ತಿದ.

"ಮೊಳೆ, ಸುತ್ತಿಗೆ ಕೊಡಿ ಅಕ್ಕಾ. ಮೇಲೆ ಹೊಡೀತೀನಿ, ಕೆಳಗಿದ್ರೆ ಇಲಿ ಬಿಡಲ್ಲ."