ಬೀಗರ ಮನೆದೇವರು

"ಅಲ್ಲಾಡಬ್ಯಾಡ್ರಿ, ಸೊಟ್ಟ ಆಗ್ತೈತೆ."

ಹರಿಹರದ ಬಸ್‌ನಿಲ್ದಾಣದ ಗೋಡೆಗೆ ಗಂಡನನ್ನು ಒರಗಿಸಿ ನಿಲ್ಲಿಸಿ, ಕಮಲಕ್ಕ ಅವನ ಹಣೆಗೆ ವಿಭೂತಿ ಬಳಿಯುತ್ತಿದ್ದಳು. ಕೆಂಚವೀರಪ್ಪ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ನಿಂತಿದ್ದ. ಆ ಹಣೆ ವಿಭೂತಿ ಕಂಡದ್ದು ಅವನ ಮದುವೆಯ ದಿನವೇ ಕೊನೆ. ಮಗ ಶಿವು ಸ್ವಲ್ಪ ದೂರದಲ್ಲಿ, ಇವರಿಬ್ಬರೂ ಯಾರೋ ತನಗೆ ಗೊತ್ತೇ ಇಲ್ಲ ಎಂಬಂತೆ ಮೊಬೈಲ್ ನೋಡುತ್ತಿದ್ದ.

ದೇವರಿಲ್ಲ ಎಂದು ಶಾಮನೂರಿನ ಚಹಾದಂಗಡಿಯಲ್ಲಿ ಕೆಂಚವೀರಪ್ಪ ವಾದಿಸದ ದಿನವಿಲ್ಲ. ವಾದದಲ್ಲಿ ಗೆಲ್ಲುತ್ತಿದ್ದವನು ಅವನೇ. ಸೋಲುತ್ತಿದ್ದವನು ಶಿವು. ಟ್ರ್ಯಾಕ್ಟರ್ ರಿಪೇರಿಯಲ್ಲಿ ಹುಡುಗನಿಗೆ ಒಳ್ಳೆಯ ಹೆಸರಿತ್ತು, ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೂ ಎರಡು ಸಂಬಂಧ ಮುರಿದಿದ್ದವು. "ದೇವರನ್ನೇ ಲೆಕ್ಕಕ್ಕೆ ಇಡದವರು ಸೊಸೆನ ಲೆಕ್ಕಕ್ಕೆ ಇಡ್ತಾರಾ?" ಎಂದು ಹೆಣ್ಣಿನ ಕಡೆಯವರು ಎದ್ದು ಹೋಗಿದ್ದರು. ಎರಡನೆಯವರು ಎದ್ದು ಹೋದ ದಿನ ಶಿವು ಉಣ್ಣದೆ ಮಲಗಿದ್ದ. ಕೆಂಚವೀರಪ್ಪನೂ ತಟ್ಟೆ ಸರಿಸಿ ಎದ್ದಿದ್ದ.

ಈ ಮೂರನೆಯ ಸಂಬಂಧ ತಂದವನು ಮದುವೆ ಮಾತುಕತೆಯ ಓಬಯ್ಯ. "ಭಾರಿ ದೈವಭಕ್ತರ ಮನೆ. ದೇವರಿಗೆ ಅಂಜೋ ಬೀಗರೇ ಬೇಕಂತೆ. ಒಂದಿನ ಬಾಯಿ ಹಿಡ್ಕೊಳ್ರಿ ಯಜಮಾನ್ರೇ," ಎಂದು ಕೈ ಮುಗಿದಿದ್ದ.

"ಮನೆದೇವರು ಯಾವುದು ಅಂದ್ರೆ ಏನು ಹೇಳ್ತೀರಿ?" ಕಮಲಕ್ಕ ಕೊನೆಯ ಪರೀಕ್ಷೆ ಮಾಡಿದಳು.

"ಉಚ್ಚಂಗೆಮ್ಮ."

"ಅಷ್ಟೇ. ಮ್ಯಾಲೊಂದು ಮಾತು ಸೇರಿಸಬ್ಯಾಡ್ರಿ."

ಓಬಯ್ಯ ಅವರನ್ನು ಹುಡುಗಿಯ ಮನೆಗೆ ಕರೆತಂದಾಗ ಅವಳ ತಂದೆ ಪರಮೇಶ್ವರಪ್ಪ ಬಾಗಿಲಲ್ಲೇ ನಿಂತಿದ್ದ. ಅವನ ಹಣೆಯ ವಿಭೂತಿ ಈ ಕಿವಿಯಿಂದ ಆ ಕಿವಿಯವರೆಗೆ ಇತ್ತು. "ಬರ್ರಿ, ಬರ್ರಿ. ಇವತ್ತು ನಮ್ಮನೆಗೆ ದೇವರೇ ಬಂದಂಗಾತು ನೋಡ್ರಿ!" ಎಂದ. ಕಮಲಕ್ಕ ಆ ಮಾತಿಗೇ ಕರಗಿದಳು.

ಒಳಗೆ ಊದಿನಕಡ್ಡಿಯ ಹೊಗೆ ಎಷ್ಟಿತ್ತೆಂದರೆ ಮನೆಯವರೇ ಕೆಮ್ಮುತ್ತಿದ್ದರು. ಎದುರು ಗೋಡೆಯಲ್ಲಿ ದೊಡ್ಡದೊಂದು ದೇವರ ಫೋಟೋ, ಅದಕ್ಕಿಂತ ದೊಡ್ಡ ಹೂವಿನ ಹಾರ. ಪರಮೇಶ್ವರಪ್ಪ ಆಗಾಗ ಗಡಿಯಾರ ನೋಡುತ್ತಿದ್ದ. ಸಂಜೆ ಪೂಜೆಯ ಹೊತ್ತು ತಪ್ಪಿಸದ ಮನುಷ್ಯ ಎಂದುಕೊಂಡು ಕೆಂಚವೀರಪ್ಪ ಮತ್ತಷ್ಟು ನೆಟ್ಟಗೆ ಕೂತ.

ಹುಡುಗಿ ನೇತ್ರಾವತಿ ಚಹಾ ತಂದಳು. ಶಿವು ಅವಳ ಹೆಸರು ಕೇಳಿದ. ಹೇಳಿದಳು. ಗಾಬರಿಯಲ್ಲಿ ಮತ್ತೆ ಅದನ್ನೇ ಕೇಳಿದ. ಅವಳಿಗೆ ನಗು ತಡೆಯಲಾಗಲಿಲ್ಲ, ಅವನಿಗೂ. ಮಗ ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ಈ ಹುಡುಗಿಯನ್ನು ಬಿಟ್ಟು ಎದ್ದು ಹೋಗುವ ಮಾತೇ ಇಲ್ಲ ಎಂದು ಕೆಂಚವೀರಪ್ಪ ಆಗಲೇ ನಿಶ್ಚಯಿಸಿದ.

"ದೇವರಿದ್ದ ಮನೆಯಾಗೆ ಮಕ್ಕಳಿಗೆ ಬೆಲೆ ಇರ್ತೈತೆ. ಅಲ್ವೇನ್ರಿ?" ಪರಮೇಶ್ವರಪ್ಪ ಪಾಠ ಒಪ್ಪಿಸಿದಂತೆ ಹೇಳಿ, ಹೆಂಡತಿ ಅಂಜಿನವ್ವನ ಮುಖ ನೋಡಿದ.

"ಹೌದ್ರಿ," ಎಂದ ಕೆಂಚವೀರಪ್ಪ, ಕಷ್ಟಪಟ್ಟು.

"ಅಂದಂಗೆ ನಿಮ್ಮ ಮನೆದೇವರು ಯಾವುದ್ರಿ?"

ಉಚ್ಚಂಗೆಮ್ಮ ನಾಲಿಗೆಯ ತುದಿಗೆ ಬಂದಿದ್ದಳು. ಅಷ್ಟರಲ್ಲಿ ಕಣ್ಣು ಫೋಟೋದ ಮೇಲೆ ಬಿತ್ತು. ಬೀಗರ ದೇವರನ್ನೇ ಹೇಳಿದರೆ ಬೀಗರಿಗೆ ಇನ್ನೂ ಖುಷಿಯಲ್ಲವೇ? ಕೆಳಗಿನ ಅಕ್ಷರ ಓದಿ, "ಕಲ್ಲುಗುಡ್ಡದ ವೀರಭದ್ರಸ್ವಾಮಿ!" ಎಂದು ಎರಡೂ ಕೈ ಎತ್ತಿ ಮುಗಿದ.

ಓಬಯ್ಯನ ಲೋಟ ತುಟಿಯ ಹತ್ತಿರವೇ ನಿಂತಿತು. "ಹಾಳಾತು! ಒಂದೇ ಮನೆದೇವರು ಅಂದ್ರೆ ನೀವು ಅಣ್ಣತಮ್ಮಂದಿರು ಆದ್ರಿ. ಹುಡುಗ ಹುಡುಗಿ ಅಣ್ಣ ತಂಗಿ! ಮದುವಿ ಹೆಂಗೆ ಮಾಡ್ತೀರಿ?"

ಅವರ ಜನದಲ್ಲಿ ಒಂದೇ ಮನೆದೇವರ ಒಕ್ಕಲೊಳಗೆ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ದೇವರ ಸಹವಾಸವನ್ನೇ ಬಿಟ್ಟಿದ್ದ ಕೆಂಚವೀರಪ್ಪನಿಗೆ ಇದು ನೆನಪೇ ಇರಲಿಲ್ಲ. ಕಮಲಕ್ಕ ಹಣೆ ಹಿಡಿದುಕೊಂಡಳು. ಪರಮೇಶ್ವರಪ್ಪ ಫೋಟೋದ ಕಡೆ ತಿರುಗಿ, ಮೊದಲ ಸಲ ಕಂಡವನಂತೆ ನೋಡಿದ. ನೇತ್ರಾವತಿ ತಟ್ಟೆ ಕೆಳಗಿಟ್ಟು ಒಳಗೆ ಹೋದಳು. ಶಿವು ತಲೆ ತಗ್ಗಿಸಿದ.

ಕೆಂಚವೀರಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಟವೆಲಿನಿಂದ ಹಣೆ ಒರೆಸಿಕೊಂಡ.

"ಸುಳ್ಳು ಹೇಳಿದೆ ಪರಮೇಶ್ವರಪ್ಪನೋರೇ. ಫೋಟೋ ಕೆಳಗೆ ಬರೆದಿದ್ದು ಓದಿದೆ ಅಷ್ಟೇ. ನಮ್ಮ ಮನೆದೇವರು ಉಚ್ಚಂಗೆಮ್ಮ. ಆಕೀನ್ನೂ ನಾನು ನಂಬಲ್ಲ, ಯಾವ ದೇವರನ್ನೂ ನಂಬಲ್ಲ. ಆದ್ರೆ ಈ ಹುಡುಗ ಉಣ್ಣದೆ ಮಲಗಿದ್ರೆ ನನ್ನ ಹೊಟ್ಟೆ ಉರೀತೈತೆ. ಅದಕ್ಕೇ ಈ ಬೂದಿ ಬಳ್ಕೊಂಡು ಬಂದೆ. ತಪ್ಪು ನಂದು. ಅವನನ್ನ ಬ್ಯಾಡ ಅನ್ನಬ್ಯಾಡ್ರಿ."

ಶಿವು ಅಪ್ಪನ ಕೈ ಹಿಡಿದುಕೊಂಡ. ಪರಮೇಶ್ವರಪ್ಪನ ಹಣೆಯಿಂದ ಬೆವರು ಇಳಿದು ವಿಭೂತಿಯೆಲ್ಲ ಕಲಸಿಹೋಗಿತ್ತು.

"ನಾನೂ ಒಂದು ಮಾತು..." ಎಂದು ಶುರುಮಾಡಿದ. ಅಂಜಿನವ್ವ ಜೋರಾಗಿ ಕೆಮ್ಮಿದಳು. ಅವನು ಮತ್ತೆ ಗಡಿಯಾರ ನೋಡಿದ.

ಈ ಸಂಬಂಧವೂ ಹೋಯಿತು ಎಂದುಕೊಂಡು ಕಮಲಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. ಆಗ ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಯ ಸರ್ವಮಂಗಳಮ್ಮನ ದನಿ ಕೇಳಿಸಿತು.

"ಅಂಜಿನವ್ವಾ, ಬೀಗರು ಹೋದ್ರೇನು? ನಮ್ಮ ಮನೆದೇವರ ಫೋಟೋ ವಾಪಸ್ ಕೊಟ್ಬಿಡವ್ವ, ದೀಪ ಹಚ್ಚೋ ಹೊತ್ತಾತು. ದೇವರೇ ಇಲ್ಲ ಅನ್ನೋ ನಿನ್ನ ಗಂಡನ ಕೈಯಾಗೆ ಕೊಟ್ಟು ಬೆಳಗ್ಗಿಂದ ನನಗೆ ಜೀವದಾಗೆ ಜೀವ ಇಲ್ಲ!"