ಹದಿನಾರು ಬಣ್ಣದ ಪರದೆ

"ತಪ್ಪು ನಂದಲ್ರಿ, ಈ ದರಿದ್ರ ಮೆಷೀನಿಂದು!" ಮಡಿವಾಳಪ್ಪ ಮೇಜಿಗೆ ಗುದ್ದಿದ ರಭಸಕ್ಕೆ ಮೌಸು ಕೆಳಗೆ ಬಿದ್ದು ತೂಗಾಡಿತು.

"ಮೆಷೀನು ಬಂದು ಆರನೇ ತಾರೀಕನ್ನ ಎಂಟು ಅಂತ ಹೊಡೀತಾ?" ಗಿರಿಜಾದೇವಿ ಅಚ್ಚಾದ ಆಹ್ವಾನಪತ್ರಿಕೆಯನ್ನು ಅವನ ಮುಖದ ಮುಂದೆ ಹಿಡಿದಳು. ಅವನು ಅದರತ್ತ ನೋಡಲೂ ಇಲ್ಲ. "ಶಿವಗಣಾರಾಧನೆ ಮುಗಿದು ಎರಡು ದಿನ ಆದ್ಮೇಲೆ ಚನ್ನವೀರಪ್ಪನವರ ಬೀಗರು ಬಸ್ಸಿಳಿದ್ರಂತೆ. ಚನ್ನವೀರಪ್ಪನವರು ಅಂಗಡಿ ಬಾಗಿಲಲ್ಲಿ ನಿಂತು ನನ್ನ ಮಾನ ಹರಾಜು ಹಾಕಿದ್ರು. ಇನ್ನೊಂದು ತಪ್ಪು ಬರಲಿ, ನಾಗರಾಜು ಹೋದ ದಾರೀಲೇ ನೀವೂ ಹೋಗ್ತೀರ."

ನಾಗರಾಜು ಕಾಗದ ಕತ್ತರಿಸುತ್ತಿದ್ದವನು. ಕೈ ನಡುಗುತ್ತದೆ ಎಂದು ತಾನಾಗಿಯೇ ಹೇಳಿಕೊಂಡ. ಹೇಳಿಕೊಂಡ ದಿನವೇ ಗಿರಿಜಾದೇವಿ ಅವನನ್ನು ಮನೆಗೆ ಕಳಿಸಿದ್ದಳು.

"ಎರಡು ಸಾವಿರದ ನಾಕನೇ ಇಸ್ವಿ ಇದು. ಇನ್ನೂ ವಿಂಡೋಸ್ ತೊಂಬತ್ತೆಂಟು ಇಟ್ಕೊಂಡು ಕುಂತೀರಿ. ಎಕ್ಸ್‌ಪಿ ಹಾಕಸ್ರಿ, ಆಮ್ಯಾಲೆ ನನ್ನ ತಪ್ಪು ಹುಡುಕ್ರಿ!"

ಆರ್‌ಪಿಸಿ ಲೇಔಟಿನ ಆ ಡಿಟಿಪಿ ಅಂಗಡಿಯಲ್ಲಿ ಮಡಿವಾಳಪ್ಪನಿಗೆ ಹದಿನೆಂಟು ವರ್ಷ ಸವೆದಿತ್ತು. ಹುಬ್ಬಳ್ಳಿ ಕಡೆಯಿಂದ ಅಚ್ಚುಮೊಳೆ ಜೋಡಿಸಲು ಬಂದವನು ಕಂಪ್ಯೂಟರಿಗೂ ಕೈ ಒಗ್ಗಿಸಿಕೊಂಡ. ಗಂಡ ತೀರಿಕೊಂಡ ಮೇಲೆ ಗಿರಿಜಾದೇವಿ ಅಂಗಡಿ ನಡೆಸಿದ್ದು ಅವನೊಬ್ಬನ ಮೇಲೆಯೇ. ಆದರೆ ಒಂದು ವರ್ಷದಿಂದ ತಪ್ಪಿನ ಮೇಲೆ ತಪ್ಪು. ಗಂಟೆಯ ಕೆಲಸಕ್ಕೆ ಅರ್ಧ ದಿನ. ಕೇಳಿದರೆ ಮೈಮೇಲೇ ಬರುತ್ತಿದ್ದ. ಇತ್ತ ಹೇರೋಹಳ್ಳಿಯಲ್ಲಿ ವಿಶ್ವಾರಾಧ್ಯ ಎಂಬಾತ ಇಂಥದೇ ಅಂಗಡಿ ತೆರೆದಿದ್ದ. ಮಡಿವಾಳಪ್ಪ ಅಲ್ಲಿ ಕೂತಿದ್ದನ್ನು ಕಂಡವರಿದ್ದರು.

ರಿಪೇರಿಯ ಅರುಣ ಬಂದು ಡಬ್ಬ ಬಿಚ್ಚಿ ನೋಡಿದ. "ಆಂಟಿ, ಎಕ್ಸ್‌ಪಿ ಏನೋ ಹಾಕ್ಬಹುದು. ಆದ್ರೆ ಡಿಸ್‌ಪ್ಲೇ ಕಾರ್ಡು ಓಬೀರಾಯನ ಕಾಲದ್ದು, ಎಕ್ಸ್‌ಪಿಗೆ ಹೊಂದಲ್ಲ. ಬರೀ ಹದಿನಾರು ಬಣ್ಣ ಬರುತ್ತೆ, ಒಂದೊಂದು ಐಕಾನೂ ರಾಗಿಮುದ್ದೆ ಗಾತ್ರ. ಕಾರ್ಡೂ ಬದಲಾಯಿಸಿಬಿಡಿ."

"ಕಾರ್ಡು ಗೀರ್ಡು ಮುಟ್ಟಬ್ಯಾಡ," ಎಂದ ಮಡಿವಾಳಪ್ಪ. "ಮುದ್ದಿ ಬಂದ್ರ ಬರ್ಲಿ. ವಿಶ್ವಾರಾಧ್ಯರ ಅಂಗಡ್ಯಾಗೂ ಹಳೇ ಮೆಷೀನಿಗೆ ಹಂಗೇ ಹಾಕ್ಯಾರ. ನಾ ನೋಡೇ ಹೇಳಾಕತ್ತೇನಿ."

ಸಿಕ್ಕಿಬಿದ್ದ! ಅವನ ಬಾಯಿಂದಲೇ ಬಂತು. ಗಿರಿಜಾದೇವಿ ಹಲ್ಲು ಕಚ್ಚಿಕೊಂಡಳು. "ಹಾಗೇ ಹಾಕಪ್ಪ ಅರುಣ. ಇನ್ಮೇಲೆ ಯಾವ ನೆಪ ಹೇಳ್ತಾರೋ ನೋಡೇಬಿಡ್ತೀನಿ."

ಎಕ್ಸ್‌ಪಿ ಬಂತು. ಅರುಣ ಹೇಳಿದ್ದಕ್ಕಿಂತ ಕೆಟ್ಟದಾಗಿಯೇ ಬಂತು. ಪತ್ರಿಕೆಯ ಮೇಲಿನ ಬಸವಣ್ಣನ ಚಿತ್ರ ಸುಣ್ಣ ಉದುರಿದ ಗೋಡೆಯಂತೆ ಕಾಣುತ್ತಿತ್ತು. ಪರದೆಯ ತುಂಬ ಪತ್ರಿಕೆಯ ಕಾಲು ಭಾಗ ಮಾತ್ರ. ಉಳಿದದ್ದನ್ನು ಎಳೆದೆಳೆದು ನೋಡಬೇಕು.

ಮಗಳ ಲಗ್ನಪತ್ರಿಕೆಗೆಂದು ಬಂದ ಶಿವಗಂಗಮ್ಮ ನಕ್ಕುಬಿಟ್ಟಳು. "ಇದೇನೇ ಗಿರಿಜಾ, ಲಗ್ನಪತ್ರಿಕೇನೋ ಬಸ್ಸಿನ ಬೋರ್ಡೋ?"

"ಎರಡೂ ಜನಾನ್ನ ಊರು ಮುಟ್ಟಸ್ತಾವ್ರಿ ಅಕ್ಕಾ," ಎಂದ ಮಡಿವಾಳಪ್ಪ. ಅವನು ನಕ್ಕಿದ್ದನ್ನು ಗಿರಿಜಾದೇವಿ ನೋಡಿ ವರ್ಷವಾಗಿತ್ತು.

ಆರು ವಾರ ಒಂದೇ ಒಂದು ತಪ್ಪಿಲ್ಲ. ಅರ್ಧ ದಿನದ ಕೆಲಸ ಗಂಟೆಯಲ್ಲಿ ಮುಗಿಯತೊಡಗಿತು. ಮಡಿವಾಳಪ್ಪ ಕೆಲಸದ ನಡುವೆ ವಚನ ಗುನುಗುತ್ತಿದ್ದ. ಗಿರಿಜಾದೇವಿಗೆ ಸಂತೋಷವಾಗಲಿಲ್ಲ, ಮೈ ಉರಿಯಿತು. ಇಂಥ ಹಾಳು ಪರದೆಯಲ್ಲಿ ತಪ್ಪಿಲ್ಲದೆ ಮಾಡುವವನು ಚೆನ್ನಾಗಿದ್ದ ಪರದೆಯಲ್ಲಿ ತಪ್ಪಿದ್ದೇಕೆ? ಬೇಕೆಂದೇ ಕೆಡಿಸಿದ್ದಾನೆ. ಗಿರಾಕಿಗಳನ್ನು ಓಡಿಸಿ ಹೇರೋಹಳ್ಳಿಗೆ ದಾಟಿಸಲು ನೋಡಿದ್ದಾನೆ.

ಅವನು ರಜೆ ಹಾಕಿದ ದಿನ ಅರುಣನನ್ನು ಕರೆಸಿದಳು. ಅರುಣ ಎಕ್ಸ್‌ಪಿಗೆ ಹೊಂದುವ ಕಾರ್ಡೊಂದನ್ನು ತಂದು ಕೂರಿಸಿದ. ಪರದೆ ಕನ್ನಡಿಯಾಯಿತು. ಲಕ್ಷಗಟ್ಟಲೆ ಬಣ್ಣ, ಇಡೀ ಪತ್ರಿಕೆ ಒಂದೇ ನೋಟಕ್ಕೆ, ಅಕ್ಷರಗಳು ಸಾಸಿವೆ ಚೆಲ್ಲಿದ ಹಾಗೆ ಸಣ್ಣಗೆ, ಚೊಕ್ಕಟವಾಗಿ.

ಮರುದಿನ ಮಡಿವಾಳಪ್ಪ ಬಂದು ಕೂತ. ಪರದೆ ಬೆಳಗಿತು. ಅವನ ಕೈ ಕೀಲಿಮಣೆ ಮುಟ್ಟಲಿಲ್ಲ.

ಬೀಗರ ಪಟ್ಟಿ ತಡವಾಗಿ ಸಿಕ್ಕು ಆ ದಿನ ಮತ್ತೆ ಬಂದಿದ್ದ ಶಿವಗಂಗಮ್ಮ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡಳು. "ಬೀಗರ ಕಡೆ ಹೆಸರೆಲ್ಲ ಬಂದಿವೆಯಾ, ಒಂದ್ಸಲ ಓದಿಬಿಡಿ ಮಡಿವಾಳಪ್ಪನವ್ರೇ."

"ಯಾರನ್ನ ಕೇಳಿ ಕಾರ್ಡು ಹಾಕ್ಸಿದ್ರಿ?" ಅವನ ದನಿಗೆ ಶಿವಗಂಗಮ್ಮ ಬೆಚ್ಚಿದಳು.

"ನನ್ನ ಅಂಗಡಿ, ನನ್ನ ಮೆಷೀನು," ಎಂದಳು ಗಿರಿಜಾದೇವಿ. "ಯಾರನ್ನ ಕೇಳ್ಬೇಕಿತ್ತು?"

"ತೆಗಸ್ರಿ ಅದನ್ನ."

"ಯಾಕೆ ಅಂತ ಹೇಳಿ, ತೆಗೆಸ್ತೀನಿ."

ಮಡಿವಾಳಪ್ಪ ಬಾಯಿ ತೆರೆದ. ಶಿವಗಂಗಮ್ಮನ ಕಡೆ ತಿರುಗಿದ. ತೆರೆದ ಬಾಯಿ ಮುಚ್ಚಿದ.

"ಹೇಳೋಕೆ ನಾಲಿಗೆ ಬರಲ್ಲ ಅಲ್ವಾ? ನಂಗೆಲ್ಲ ಗೊತ್ತು ಕಣ್ರೀ. ಹೋಗಿ, ನಿಮ್ಮ ವಿಶ್ವಾರಾಧ್ಯನ ಹತ್ರಾನೇ ಹೋಗಿ ಸಾಯಿರಿ!"

ಅವನು ಊಟದ ಡಬ್ಬಿ ಎತ್ತಿಕೊಂಡ. ಗೋಡೆ ಹಿಡಿದು ಮೂರು ಮೆಟ್ಟಿಲು ಇಳಿದ. ಮರುದಿನ ಬರಲಿಲ್ಲ. ಆ ವಾರ ಬರಲಿಲ್ಲ. ಸಂಬಳ ಕೇಳಲೂ ಬರಲಿಲ್ಲ.

ಹದಿನೈದನೇ ದಿನ ಗಿರಿಜಾದೇವಿ ಹೇರೋಹಳ್ಳಿಗೆ ಫೋನ್ ಹಚ್ಚಿದಳು. "ಹದಿನೆಂಟು ವರ್ಷ ನಮ್ಮಲ್ಲಿದ್ದೋರನ್ನ ಎಳ್ಕೊಂಡ್ರಲ್ಲ, ನಾಚ್ಕೆ ಆಗಲ್ವಾ ನಿಮಗೆ?"

ಫೋನು ಎತ್ತಿದ್ದವನು ವಿಶ್ವಾರಾಧ್ಯನೇ.

"ಮಡಿವಾಳಪ್ಪನವ್ರು ಇಲ್ಲಿಲ್ಲಮ್ಮ, ಕೆಲಸ ಬಿಟ್ಟು ಊರಿಗೆ ಹೋದ್ರಂತೆ. ನಮ್ಮಲ್ಲಿಗೆ ಅವರು ಕೆಲಸ ಕೇಳ್ಕೊಂಡು ಬಂದೋರೇ ಅಲ್ಲ. ಒಂದಿನ ಬಂದು, ಎಕ್ಸ್‌ಪಿ ಹಾಕಿದ್ದ ನಮ್ಮ ಹಳೇ ಮೆಷೀನ್ ಮುಂದೆ ಕೂತು, ಪರದೆ ಮೇಲಿದ್ದ ದಪ್ಪ ದಪ್ಪ ಅಕ್ಷರಾನೆಲ್ಲ ಒಂದನೇ ಕ್ಲಾಸಿನ ಮಗು ಥರ ಗಟ್ಟಿಯಾಗಿ ಓದಿದ್ರು. ‘ಯಾವ ಕನ್ನಡಕಕ್ಕೂ ಬಗ್ಗದ ಕಣ್ಣು ಸ್ವಾಮಿ ನಂದು, ವರ್ಷದ ಮೇಲೆ ಇವತ್ತು ಅಕ್ಷರ ಕಂಡ್ವು’ ಅಂತ ಕೂತಲ್ಲೇ ಅತ್ತುಬಿಟ್ರು."