ಮೇಲಿನ ತುದಿ, ಕೆಳಗಿನ ತುದಿ

"ಮೇಷ್ಟ್ರೇ, ಮೇಲಿನ ತುದೀಲಿ ಇರೋರಿಗೆ ಹೇಳಿ, ಈ ಕಡೆಯಿಂದ ಕೊನೇ ಗಾಡಿ ಹಾಲಿನ ವ್ಯಾನು. ಓವರ್," ಎಂದು ವಾಕಿಟಾಕಿಗೆ ಹೇಳಿದ ಕಿರಿಸೊಸೆ ಗುಂಡಿಯಿಂದ ಬೆರಳು ತೆಗೆದಳು.

"ಮೇಷ್ಟ್ರೇ, ಕೇಳಿಸ್ತು ಅಂತ ಕೆಳಗಿನೋರಿಗೆ ಹೇಳಿ. ಓವರ್," ಎಂದಿತು ಸೆಟ್ಟಿನೊಳಗಿಂದ ಹಿರಿಸೊಸೆಯ ಧ್ವನಿ.

ಗುಡ್ಡದ ರಸ್ತೆಯನ್ನು ಅರ್ಧ ಅಗೆದು ಹಾಕಿದ್ದರು. ಉಳಿದ ಅರ್ಧದಲ್ಲಿ ಒಂದು ಸಲಕ್ಕೆ ಒಂದೇ ಕಡೆಯ ಗಾಡಿಗಳು ಹೋಗಬೇಕು. ನಡುವೆ ದೊಡ್ಡ ತಿರುವು, ಒಂದು ತುದಿಗೆ ಇನ್ನೊಂದು ತುದಿ ಕಾಣದು. ಒಬ್ಬಳು ಗಾಡಿ ಬಿಟ್ಟು ಕೊನೆಯದು ಯಾವುದೆಂದು ಹೇಳಬೇಕು. ಅದು ಬಂದು ದಾಟಿದ ಮೇಲೆ ಇನ್ನೊಬ್ಬಳು ತನ್ನ ಕಡೆಯವನ್ನು ಬಿಡಬೇಕು. ಓರಗಿತ್ತಿಯರಿಬ್ಬರನ್ನೂ ಈ ಕೆಲಸಕ್ಕೆ ಹಾಕಿದವನು ಗುತ್ತಿಗೆದಾರ. ಒಂದೇ ಮನೆಯವರು, ಹೊಂದಿಕೊಂಡು ಹೋಗುತ್ತಾರೆ ಎಂಬುದು ಅವನ ಲೆಕ್ಕಾಚಾರ. ಪಾಪ, ಅವನಿಗೇನು ಗೊತ್ತು! ಆ ಮನೆಯಲ್ಲಿ ಒಲೆ ಎರಡಾಗಿ ತಿಂಗಳುಗಳೇ ಕಳೆದಿದ್ದವು. ಒಲೆ ಬೇರೆಯಾದ ದಿನ ಹಿರಿಸೊಸೆ, "ಇನ್ಮೇಲೆ ನನ್ನನ್ನ ಅಕ್ಕ ಅಂತ ಕರೀಬೇಡ" ಅಂದಿದ್ದಳು. ಹಠದಲ್ಲಿ ಕಿರಿಸೊಸೆಯೇನು ಕಡಿಮೆಯೇ? ಅಂದಿನಿಂದ ಕರೆಯಲೇ ಇಲ್ಲ. ಅಕ್ಕ ಅಂತಲೂ ಇಲ್ಲ, ಇನ್ನೇನಂತಲೂ ಇಲ್ಲ. ಮನೆಯಲ್ಲಿ ಏನಾದರೂ ಹೇಳಬೇಕಾದರೆ ಅತ್ತೆಯ ಮೂಲಕ. ಈಗ ರಸ್ತೆಯಲ್ಲಿ ಮೇಷ್ಟ್ರ ಮೂಲಕ. ಕರೆಯದೆ ಇರುವುದು ಎಷ್ಟು ಕಷ್ಟವೆಂದು ಅವಳಿಗೆ ಮಾತ್ರ ಗೊತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಆ ಮನೆಯಲ್ಲಿ ಅವಳ ಬಾಯಿಗೆ ಮೊದಲು ಒಗ್ಗಿದ ಮಾತೇ ಅದು.

ವಾಕಿಟಾಕಿ ಕಲಿಸಲು ಬಂದಿದ್ದ ಮೇಷ್ಟ್ರು ಟೀ ಕೇಳುವಾಗಲೂ, "ಸಕ್ಕರೆ ಕಡಿಮೆ ಇರಲಿ, ಓವರ್" ಅನ್ನುತ್ತಿದ್ದರು. ಡಾಂಬರಿನವರು ಅವರಿಗೆ ಓವರ್ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ಬೆಳಗ್ಗೆ ಇಬ್ಬರನ್ನೂ ಎದುರು ನಿಲ್ಲಿಸಿಕೊಂಡು, "ಗುಂಡಿ ಒತ್ತಿದ ಕೂಡಲೇ ಬಡಬಡಿಸಬೇಡಿ, ಮೊದಲನೇ ಮಾತು ತುಂಡಾಗುತ್ತೆ. ಒತ್ತಿ, ಒಂದು ಉಸಿರು ತಗೊಂಡು ಆಮೇಲೆ ಮಾತಾಡಿ. ಮುಗಿದ ತಕ್ಷಣ ಬೆರಳು ತೆಗೀರಿ. ಒತ್ತಿಕೊಂಡೇ ಇದ್ದರೆ ಎದುರಿನವರು ಅರಚಿದರೂ ನಿಮಗೆ ಕೇಳಿಸೋಲ್ಲ" ಎಂದು ಮತ್ತೆ ಮತ್ತೆ ಹೇಳಿದ್ದರು. ಇಬ್ಬರೂ ಚೆನ್ನಾಗಿಯೇ ಕಲಿತರು. ಒಬ್ಬರ ಜೊತೆ ಒಬ್ಬರು ಮಾತಾಡುವುದೊಂದು ಬಿಟ್ಟು.

ಈಗ ನಡುವಿನ ಡೇರೆಯಿಂದ ಮೇಷ್ಟ್ರ ನಿಟ್ಟುಸಿರು ಸೆಟ್ಟಿನಲ್ಲಿ ಕೇಳಿಸಿತು. "ನೋಡ್ರಮ್ಮ, ನಾಳೆಯಿಂದ ನಾನಿರೋಲ್ಲ. ಈಗಲೇ ನನ್ನ ಸೆಟ್ ಆರಿಸ್ತಿದೀನಿ. ಸಂಜೆ ತನಕ ನೀವೇ ನಿಭಾಯಿಸಿದರೆ ಕೆಲಸ ಇಬ್ಬರಿಗೂ ಖಾಯಂ. ಇಲ್ಲ ಅಂದ್ರೆ ನಾಳೆ ಇಬ್ಬರ ಜಾಗಕ್ಕೂ ಬೇರೆಯವರು. ಓವರ್." ಟಕ್ ಎಂದಿತು.

ಹಾಲಿನ ವ್ಯಾನು ತಿರುವಿನಲ್ಲಿ ಮರೆಯಾಯಿತು. ಕಿರಿಸೊಸೆ ಕೈಯಲ್ಲಿದ್ದ ಫಲಕದ ಕೆಂಪು ಬದಿ ತಿರುಗಿಸುವಷ್ಟರಲ್ಲಿ ಸ್ಕೂಟರೊಂದು ಅವಳ ಪಕ್ಕದಲ್ಲೇ ಸರ್ರನೆ ನುಗ್ಗಿ ಹೋಯಿತು. ಮುಂದೆ ಮಗು ನಿಂತಿತ್ತು, ಹಿಂದೆ ಹೆಂಡತಿ ಕೂತಿದ್ದಳು. "ಏಯ್, ನಿಲ್ಸಿ!" ಎಂದು ಕೂಗಿದರೆ ಕೇಳುವವರು ಯಾರು? ಮೇಲೆ ಜಲ್ಲಿ ಲಾರಿಗಳು ಸಾಲುಗಟ್ಟಿ ಕಾಯುತ್ತಿದ್ದವು. ಹಾಲಿನ ವ್ಯಾನು ದಾಟಿದ್ದೇ ತಡ, ಹಿರಿಸೊಸೆ ಅವನ್ನು ಬಿಡುತ್ತಾಳೆ. ತಿರುವಿನಲ್ಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಆಳುದ್ದ ಹಳ್ಳ.

"ಮೇಷ್ಟ್ರೇ!" ಎಂದಳು. ಉತ್ತರವಿಲ್ಲ. ಇನ್ನೊಮ್ಮೆ ಗುಂಡಿ ಒತ್ತಿದಳು.

"ಅಕ್ಕಾ! ಲಾರಿ ಬಿಡ್ಬೇಡ! ಸ್ಕೂಟರ್ ನುಗ್ಗಿದೆ, ಮಗು ಇದೆ, ಬಿಡ್ಬೇಡ ಅಕ್ಕಾ!"

ಉತ್ತರವಿಲ್ಲ. ಸೆಟ್ಟನ್ನು ಕಿವಿಗೆ ಒತ್ತಿ ಹಿಡಿದಳು. ಆಗಲೂ ಇಲ್ಲ. ಇಷ್ಟಾದ ಮೇಲೂ ಹಠವೇ ಎಂದು ಅಳು ಬಂತು. ಅಷ್ಟರಲ್ಲಿ ಅವಳಿಗೆ ತನ್ನ ಹೆಬ್ಬೆರಳು ಕಂಡಿತು. ಅದು ಇನ್ನೂ ಗುಂಡಿಯ ಮೇಲೇ ಇತ್ತು.

ಬೆರಳು ತೆಗೆದಳು.

"...ನಿಲ್ಸಿದೀನಿ ಕಣೇ, ಲಾರಿಗೆ ಅಡ್ಡ ನಿಂತಿದೀನಿ! ಬೆರಳು ತೆಗಿ ಅಂತ ಎಷ್ಟು ಸಲ ಬಡ್ಕೊಳ್ಳಲಿ! ಓವರ್!"

ಕಿರಿಸೊಸೆ ಅಲ್ಲೇ ಜಲ್ಲಿ ರಾಶಿಯ ಮೇಲೆ ಕುಸಿದು ಕೂತಳು. ಸ್ವಲ್ಪ ಹೊತ್ತಿಗೆ ಸೆಟ್ ಮತ್ತೆ ಗೊರಗುಟ್ಟಿತು. "ಸ್ಕೂಟರ್ ಬಂತು. ಮಗು ನನಗೆ ಟಾಟಾ ಮಾಡ್ತು. ಅವರಪ್ಪನಿಗೆ ಸರಿಯಾಗಿ ಉಗಿದು ಕಳಿಸಿದೀನಿ. ಈಗ ಲಾರಿ ಬಿಡ್ಲಾ? ಓವರ್."

"ಬಿಡು. ಓವರ್."

ಜಲ್ಲಿ ಲಾರಿಗಳು ಒಂದರ ಹಿಂದೊಂದು ಇಳಿದು ಬಂದವು. ಕೊನೆಯದು ನೀಲಿ ಲಾರಿ ಎಂದು ಮೇಲಿನಿಂದ ನೇರವಾಗಿ ಹೇಳಿದ್ದಾಯಿತು, ಕೇಳಿಸಿತೆಂದು ಇಲ್ಲಿಂದ ನೇರವಾಗಿ ಒಪ್ಪಿಸಿದ್ದಾಯಿತು. ನೀಲಿ ಲಾರಿ ದಾಟಿತು. ಕಿರಿಸೊಸೆ ಹಸಿರು ಬದಿ ತೋರಿಸಿ ತನ್ನ ಕಡೆಯವನ್ನು ಬಿಟ್ಟಳು. ಧೂಳು ಅಡಗಿದ ಮೇಲೆ ಸೆಟ್ಟಿನಲ್ಲಿ ಮತ್ತೆ ಹಿರಿಸೊಸೆ. ಈ ಸಲ ಧ್ವನಿ ಮೆತ್ತಗಿತ್ತು.

"ನೋಡು, ಆಗ ನೀನು ಗುಂಡಿ ಒತ್ತಿದ ಕೂಡಲೇ ಬಡಬಡಿಸಿದೆ. ಮೊದಲನೇ ಮಾತು ತುಂಡಾಯ್ತು, ನನಗೆ ಕೇಳಿಸ್ಲೇ ಇಲ್ಲ. ಅದೊಂದನ್ನ ಇನ್ನೊಂದ್ಸಲ ಹೇಳು. ಓವರ್."

ಕಿರಿಸೊಸೆ ಗುಂಡಿ ಒತ್ತಿ, ಮೇಷ್ಟ್ರು ಹೇಳಿಕೊಟ್ಟಂತೆ, ಒಂದು ಉಸಿರು ತೆಗೆದುಕೊಂಡಳು.